ಗೋಥಿಕ್ ಹಿಡಿಸಲಿಲ್ಲ, ದುಡ್ಡು ವೇಸ್ಟಾಯ್ತಾ?

ಪ್ರಶ್ನೆ: ಆಫರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ 'ಗೋಥಿಕ್' ಗೇಮ್ ಕೊಂಡೆ. ಆರ್‌ಪಿಜಿ (ಒಂದು ಪಾತ್ರವಾಗಿ ಬದುಕುವ ಥರದ ಗೇಮ್) ಆಡುವವರೆಲ್ಲ ಇದನ್ನು ಹೊಗಳುತ್ತಾರೆ. ಮೂರು ಗಂಟೆ ಆಡಿದೆ. ಮುಖಗಳು ಮರದ ಗೊಂಬೆಯ ಹಾಗಿವೆ. ನೆಲದ ಮೇಲೆ ಬಿದ್ದ ಒಂದು ವಸ್ತು ಎತ್ತಿಕೊಳ್ಳಲು ಎರಡು ಕೀ ಒತ್ತಬೇಕು. ಮ್ಯಾಪ್ ಇಲ್ಲ. ಕೋಳಿಯಂಥ ಒಂದು ಪ್ರಾಣಿ ನನ್ನನ್ನು ಆರು ಸಲ ಸಾಯಿಸಿತು. ಕ್ಯಾಂಪಿನೊಳಗೆ ಹೋದರೆ ಕಾವಲುಗಾರನೊಬ್ಬ ನನ್ನ ಹತ್ತಿರ ಹಫ್ತಾ ಕೇಳಿದ. ಕೊಡಬೇಕಾ ಬೇಡವಾ ಅಂತಲೂ ಗೊತ್ತಾಗಲಿಲ್ಲ. ಇದು ನಿಜಕ್ಕೂ ಒಳ್ಳೆಯ ಆಟವೋ, ಇಲ್ಲಾ ಹಳೇ ನೆನಪಿಗೆ ಸುಮ್ನೆ ಹೊಗಳುತ್ತಿದ್ದಾರೋ? ಮುಂದುವರಿಸಲಾ, ಬಿಡಲಾ?

ಉತ್ತರ: ಆ ಕೋಳಿಯ ಹೆಸರು ಸ್ಕ್ಯಾವೆಂಜರ್. ಅದರ ಕೈಯಲ್ಲಿ ಸಾಯದೆ ಗೋಥಿಕ್ ಕಲಿತವರನ್ನು ನಾನಂತೂ ನೋಡಿಲ್ಲ. ನಾನು ಎಷ್ಟು ಸಲ ಸತ್ತೆ ಅಂತ ಲೆಕ್ಕ ಇಟ್ಟಿಲ್ಲ, ಆದರೆ ಆರಕ್ಕಿಂತ ಜಾಸ್ತಿಯೇ. ಗೆಳೆಯನ ಮನೆಯ ಕಂಪ್ಯೂಟರಿನಲ್ಲಿ ಮೊದಲ ಸಲ ಇದನ್ನು ಹಾಕಿದಾಗ ಒಂದು ಸಂಜೆ ಆಡಿ, ಬೈದು, ಬಿಟ್ಟು ಎದ್ದಿದ್ದೆ. ಮತ್ತೆ ಅದರ ಹತ್ತಿರ ಹೋಗಿದ್ದು ವರ್ಷ ಕಳೆದ ಮೇಲೆ.

ನಿಮ್ಮ ದೂರುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಅವು ಎರಡು ಜಾತಿಯವು. ಕೆಲವು ಆಟದ ತಪ್ಪು. ಕೆಲವು ಆಟ ಬೇಕೆಂದೇ ಮಾಡಿದ್ದು. ಮೊದಲ ಮೂರು ಗಂಟೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕಷ್ಟ ಇರುವುದು ಅಲ್ಲೇ. ಎರಡೂ ನಿಮ್ಮನ್ನು ರೇಗಿಸುತ್ತವೆ, ಎರಡೂ ನಿಮ್ಮನ್ನು ಸಾಯಿಸುತ್ತವೆ. ಇವನ್ನು ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಇದೊಂದಕ್ಕೇ ಅಲ್ಲ, ಕಡಿಮೆ ದುಡ್ಡಿನಲ್ಲಿ ಮಾಡಿದ ಯಾವ ಒರಟು ಆಟಕ್ಕಾದರೂ ಇದು ನಡೆಯುತ್ತದೆ.

ಮೊದಲು ಇದು ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇದನ್ನು ಮಾಡಿದ್ದು ಜರ್ಮನಿಯ ಪಿರಾನ್ಹಾ ಬೈಟ್ಸ್ ಅನ್ನುವ ಸ್ಟುಡಿಯೋ. 1997ರಲ್ಲಿ ಬೋಖುಮ್ ಊರಿನಲ್ಲಿ ಶುರುವಾಯಿತು. ಗೋಥಿಕ್ ಅವರ ಮೊದಲ ಆಟ. 3ಡಿ ಎಂಜಿನ್ ಕೂಡ ತಾವೇ ಕೂತು ಬರೆದರು. ಸಣ್ಣ ತಂಡ, ಸಣ್ಣ ಜೇಬು, ದೊಡ್ಡ ಆಸೆ. ಜರ್ಮನ್ ಭಾಷೆಯಲ್ಲಿ 2001ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಇಂಗ್ಲಿಷ್‌ನಲ್ಲಿ ಬರಲು ಆ ವರ್ಷದ ಕೊನೆಯಾಯಿತು. ಜರ್ಮನಿ, ಪೋಲೆಂಡ್ ಕಡೆ ಜನ ತಲೆ ಮೇಲೆ ಹೊತ್ತು ಮೆರೆಸಿದರು. ಅಮೆರಿಕದಲ್ಲಿ ಅಷ್ಟೇನೂ ಯಾರೂ ಗಮನಿಸಲಿಲ್ಲ.

ಬೋಖುಮ್ ಇರುವುದು ರೂರ್ ಕಣಿವೆಯಲ್ಲಿ, ಅಂದರೆ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ. ಜರ್ಮನಿಯ ಗಣಿಗಾರಿಕೆ ಮ್ಯೂಸಿಯಂ ಇರುವುದೂ ಅದೇ ಊರಲ್ಲಿ. ಆಟದ ಕಥೆ ನಡೆಯುವುದು ಗಣಿಯಲ್ಲಿ ಅನ್ನುವುದು ನನಗೆ ಬರೀ ಕಾಕತಾಳೀಯ ಅನ್ನಿಸುವುದಿಲ್ಲ. ಇನ್ನೊಂದು ಮಾತು ಮಾತ್ರ ಖಂಡಿತ ಕಾಕತಾಳೀಯ: ಗೋಥಿಕ್ ಜರ್ಮನಿಯ ಅಂಗಡಿಗಳಿಗೆ ಬರುವ ಮುಂಚಿನ ತಿಂಗಳು, 2001ರ ಫೆಬ್ರವರಿ 28ಕ್ಕೆ, ನಮ್ಮ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಹಾಗಾಗಿ ನನ್ನ ತಲೆಯಲ್ಲಿ ಇವೆರಡೂ ಹೇಗೋ ಒಟ್ಟಿಗೇ ಕೂತುಬಿಟ್ಟಿವೆ.

ಈ ಥರದ ಆಟಗಳಿಗೆ ಈಗ 'ಯೂರೋಜ್ಯಾಂಕ್' ಅಂತ ಅಡ್ಡಹೆಸರಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಯೂರೋಪಿನ ಡಕೋಟಾ ಗಾಡಿ. ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ, ಹಾರ್ನ್ ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ, ಆದರೂ ಘಾಟಿ ಹತ್ತಿಬಿಡುತ್ತದೆ. ಬೈಗುಳವಾಗಿ ಶುರುವಾದ ಹೆಸರು, ಈಗ ಅರ್ಧ ಪ್ರೀತಿಯ ಹೆಸರಾಗಿದೆ. ಆ ಪ್ರೀತಿಯನ್ನು ನಾನು ಪೂರ್ತಿ ನಂಬುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಕಡಿಮೆ ದುಡ್ಡಿನ ಆಟ ನೋಡುವಾಗ ನಾನು ಕೇಳಿಕೊಳ್ಳುವುದು ಒಂದೇ. ಇದ್ದಷ್ಟು ದುಡ್ಡನ್ನು ಎಲ್ಲಿ ಖರ್ಚು ಮಾಡಿದರು? ಕೈ ಬಿಗಿ ಇರುವ ಮನೆಯ ಮದುವೆಗೆ ಹೋದರೆ ಗೊತ್ತಾಗುತ್ತದಲ್ಲ, ಶಾಮಿಯಾನಕ್ಕೆ ಸುರಿದರಾ, ಊಟಕ್ಕೆ ಹಾಕಿದರಾ ಅಂತ. ಗೋಥಿಕ್‌ನ ಶಾಮಿಯಾನ ಹರಿದಿದೆ. ಅದು ನಿಮಗೆ ಮೊದಲ ನಿಮಿಷದಲ್ಲೇ ಕಂಡಿದೆ. ಊಟ ನೀವಿನ್ನೂ ಮಾಡಿಲ್ಲ.

ಅವರು ದುಡ್ಡು ಹಾಕಿದ್ದು ಮನುಷ್ಯರ ಮೇಲೆ.

ಕಥೆಯ ಹಿನ್ನೆಲೆ ನಿಮಗೆ ಶುರುವಿನ ವಿಡಿಯೋದಲ್ಲಿ ಸಿಕ್ಕಿರುತ್ತದೆ. ರಾಜ ಎರಡನೇ ರೋಬಾರ್‌ಗೆ ಓರ್ಕ್ ಅನ್ನುವ ರಾಕ್ಷಸರ ಜೊತೆ ಯುದ್ಧ. ಕತ್ತಿಗಳಿಗೆ ಮಾಯದ ಅದಿರು ಬೇಕು. ಗಣಿಯಲ್ಲಿ ದುಡಿಯಲು ಖೈದಿಗಳು. ಅವರು ತಪ್ಪಿಸಿಕೊಳ್ಳಬಾರದು ಅಂತ ಹನ್ನೆರಡು ಮಂತ್ರವಾದಿಗಳು ಕಣಿವೆಯ ಸುತ್ತ ಮಾಯದ ಗೋಡೆ ಎಬ್ಬಿಸುತ್ತಾರೆ. ಆ ಗೋಡೆ ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬೆಳೆದು ಮಂತ್ರವಾದಿಗಳನ್ನೂ ಒಳಗೇ ಹಾಕಿಬಿಡುತ್ತದೆ. ಖೈದಿಗಳು ಕಾವಲುಗಾರರನ್ನು ಮುಗಿಸಿ ಜೈಲನ್ನು ತಾವೇ ಕೈಗೆ ತೆಗೆದುಕೊಳ್ಳುತ್ತಾರೆ. ಈಗ ಅದಿರು ಬೇಕೆಂದರೆ ರಾಜನೇ ಅವರಿಗೆ ಸಾಮಾನು ಕಳಿಸಬೇಕು. ಒಳಗೆ ಹೋಗಬಹುದು, ಹೊರಗೆ ಬರುವ ಹಾಗಿಲ್ಲ.

ಇದನ್ನು ಬರೀ ಕಥೆ ಅಂತ ಓದಬೇಡಿ, ಬಜೆಟ್ ಅಂತ ಓದಿ. ಮಾಯದ ಗೋಡೆ ಅಂದರೆ ಮ್ಯಾಪಿನ ಅಂಚು. ಬೇರೆ ಆಟಗಳಲ್ಲಿ ಲೋಕ ಮುಗಿಯುವ ಕಡೆ ಒಂದು ಬೆಟ್ಟವನ್ನೋ ಕಾಣದ ಅಡ್ಡಗೋಡೆಯನ್ನೋ ತಂದು ನಿಲ್ಲಿಸುತ್ತಾರೆ. ಇಲ್ಲಿ ಆ ಅಂಚೇ ಕಥೆ. ದೊಡ್ಡ ನಗರ ಕಟ್ಟಲು ದುಡ್ಡಿಲ್ಲ, ಹಾಗಾಗಿ ಗುಡಿಸಲುಗಳ ಕ್ಯಾಂಪ್. ಜೈಲಾದ್ದರಿಂದ ಎಲ್ಲರೂ ಒಂದೇ ಥರದ ಹರಕು ಬಟ್ಟೆ ಹಾಕಿಕೊಂಡಿದ್ದರೂ ಯಾರೂ ಯಾಕೆ ಅಂತ ಕೇಳುವುದಿಲ್ಲ. ನಾಣ್ಯ ಇಲ್ಲ, ಅದಿರಿನ ತುಂಡೇ ದುಡ್ಡು. ಇದ್ದ ಬಡತನವನ್ನು ಮುಚ್ಚಿಡದೆ, ಅದಕ್ಕೆ ಒಪ್ಪುವ ಕಥೆಯನ್ನೇ ಹುಡುಕಿಕೊಂಡಿದ್ದಾರೆ. ತಲೆ ಓಡಿಸಿದ ಬಡ ಆಟದ ಮೊದಲ ಗುರುತು ನನಗೆ ಇದೇ.

ಇನ್ನು ಮನುಷ್ಯರ ವಿಷಯ. ಮುಂದಿನ ಸಲ ಆಟ ತೆರೆದಾಗ ಏನೂ ಮಾಡಬೇಡಿ. ಖೈದಿಗಳ ಮೂರು ಕ್ಯಾಂಪುಗಳಲ್ಲಿ ಒಂದಾದ ಹಳೇ ಕ್ಯಾಂಪಿನಲ್ಲಿ ಒಂದು ಮೂಲೆ ಹಿಡಿದು ಆಟದೊಳಗಿನ ಒಂದು ದಿನ ಪೂರ್ತಿ ನಿಂತು ನೋಡಿ. ಬೆಳಗಾದರೆ ಒಬ್ಬ ಗುಡಿಸಲಿನಿಂದ ಹೊರಗೆ ಬರುತ್ತಾನೆ. ಒಬ್ಬ ಗೋಡೆಗೆ ಮೊಳೆ ಹೊಡೆಯುತ್ತಿರುತ್ತಾನೆ. ಒಬ್ಬ ಸೌಟು ಹಿಡಿದು ಪಾತ್ರೆ ತಿರುವುತ್ತಾನೆ. ಸಂಜೆಯಾದರೆ ಬೆಂಕಿ ಸುತ್ತ ಕೂರುತ್ತಾರೆ, ಹರಟುತ್ತಾರೆ. ರಾತ್ರಿ ಹೋಗಿ ಮಲಗುತ್ತಾರೆ. ಇವತ್ತು ಇದು ದೊಡ್ಡ ಮಾತಲ್ಲ. 2001ರಲ್ಲಿ ಬಹಳ ಆಟಗಳಲ್ಲಿ ಅಂಗಡಿಯವನು ಹಗಲು ರಾತ್ರಿ ಒಂದೇ ಕಡೆ ಕಂಬದ ಹಾಗೆ ನಿಂತಿರುತ್ತಿದ್ದ.

ಆಮೇಲೆ ಯಾರದಾದರೂ ಗುಡಿಸಲಿಗೆ ಸುಮ್ನೆ ನುಗ್ಗಿ ನೋಡಿ. ಮನೆಯವನು ಬಂದು ಗದರುತ್ತಾನೆ, ಹೊರಗೆ ನಡಿ ಅನ್ನುತ್ತಾನೆ. ಹೋಗದಿದ್ದರೆ ಹೊಡೆಯುತ್ತಾನೆ. ಕ್ಯಾಂಪಿನ ಮಧ್ಯೆ ಕತ್ತಿ ಹಿರಿದು ನಿಲ್ಲಿ. ಎದುರಿಗಿರುವವನು ಅದನ್ನು ಒಳಗಿಡು ಅಂತ ಎಚ್ಚರಿಸುತ್ತಾನೆ, ಕೇಳದಿದ್ದರೆ ಅವನೂ ಹಿರಿಯುತ್ತಾನೆ. ಒದೆ ತಿಂದು ಬಿದ್ದರೆ ನೀವು ಸಾಯುವುದಿಲ್ಲ. ಇದು ನನಗೆ ಬಹಳ ಇಷ್ಟವಾದ ವಿಷಯ. ಹೊಡೆದವನು ಬಗ್ಗಿ ನಿಮ್ಮ ಜೇಬಿನ ಅದಿರನ್ನೂ, ಬಿದ್ದ ಕತ್ತಿಯನ್ನೂ ಎತ್ತಿಕೊಂಡು ತನ್ನ ಪಾಡಿಗೆ ಹೋಗುತ್ತಾನೆ. ನೀವು ಕುಂಟುತ್ತಾ ಏಳಬೇಕು. ನೀವು ಯಾರನ್ನಾದರೂ ಬೀಳಿಸಿದರೂ ಅಷ್ಟೇ. ಕೊಲ್ಲಬೇಕೆಂದರೆ ಬಿದ್ದವನಿಗೆ ಬೇಕೆಂದೇ ಇನ್ನೊಮ್ಮೆ ಇರಿಯಬೇಕು. ಇರಿಯದಿದ್ದರೆ ಅವನು ಎದ್ದು ಬರುತ್ತಾನೆ, ಮುಂದಿನ ಸಲ ಸಿಕ್ಕಾಗ ಆ ಜಗಳ ಅವನಿಗೆ ನೆನಪಿರುತ್ತದೆ. ಸೋಲಿಗೂ ಸಾವಿಗೂ ನಡುವೆ ಅವಮಾನ ಅಂತ ಒಂದು ಮೆಟ್ಟಿಲನ್ನು ಇಟ್ಟಿದ್ದಾರೆ. ಕೋಟಿ ಕೋಟಿ ಸುರಿದ ಆಟಗಳಲ್ಲೂ ನನಗೆ ಇದು ಅಪರೂಪಕ್ಕೆ ಸಿಗುತ್ತದೆ.

ಹೊಸ ಖೈದಿಯಾಗಿ ಬಂದ ನಿಮ್ಮನ್ನು ಆ ಕ್ಯಾಂಪ್ ನಡೆಸಿಕೊಳ್ಳುವ ರೀತಿಯನ್ನು ಸ್ವಲ್ಪ ಗಮನಿಸಿ. ಒಳಗೆ ಎಸೆದ ಕೂಡಲೇ ಬುಲ್ಲಿಟ್ ಅನ್ನುವವನು ಮುಖಕ್ಕೆ ಗುದ್ದುತ್ತಾನೆ, ಅದು ಸ್ವಾಗತ. ಡಿಯೇಗೋ ಅನ್ನುವವನು ಬಂದು ಬಿಡಿಸುತ್ತಾನೆ. ಮುಂದೆ ಗ್ರಿಮ್ ಅನ್ನುವವನು ಹಲ್ಲು ಕಿಸಿಯುತ್ತಾ ಬಂದು ಕ್ಯಾಂಪಿನ ಹೊರಗೆ ಒಂದು ಕೆಲಸ ಇದೆ ಬಾ ಅಂತ ಕರೆಯಬಹುದು. ಹೋದರೆ ಏನಾಗುತ್ತದೆ ಅಂತ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ, ಅಲ್ವಾ? ಹೊಸ ಕ್ಯಾಂಪಿಗೆ ಹೋದರೆ ಬಾಗಿಲಲ್ಲೇ ಗದ್ದೆ. ಜರ್ಮನ್ ಆಟದಲ್ಲಿ ಭತ್ತದ ಗದ್ದೆ, ಮೊಣಕಾಲು ನೀರಲ್ಲಿ ಬಗ್ಗಿ ದುಡಿಯುವ ಜನ! ಲೆಫ್ಟಿ ಅನ್ನುವ ಪುಂಡ ನಿಮ್ಮನ್ನು ತಡೆದು, ಗದ್ದೆಯಲ್ಲಿ ಇರುವವರಿಗೆ ನೀರು ಹೊತ್ತುಕೊಂಡು ಹೋಗಿ ಕೊಡು ಅನ್ನುತ್ತಾನೆ. ಬೇರೆ ಆಟವಾಗಿದ್ದರೆ ಅದು ಸಾಮಾನ್ಯ ಡೆಲಿವರಿ ಕ್ವೆಸ್ಟ್, ಅಂದರೆ ಸಾಮಾನು ತಲುಪಿಸುವ ಕೆಲಸ. ಇಲ್ಲಿ ಅದು ದಬ್ಬಾಳಿಕೆ. ಹೊತ್ತುಕೊಂಡು ಹೋದರೆ ನೀವು ಹೆದರಿದಿರಿ ಅಂತ ಅರ್ಥ. ಇಲ್ಲ ಅಂದರೆ ಜಗಳ. ಎರಡನೇ ಅಧ್ಯಾಯದ ಹೊತ್ತಿಗೆ ಮೈಯಲ್ಲಿ ಶಕ್ತಿ ಬಂದ ಮೇಲೆ ಲೆಫ್ಟಿಯನ್ನು ಹುಡುಕಿಕೊಂಡು ಹೋಗದ ಆಟಗಾರರು ಕಡಿಮೆ.

ಈಗ ಆ ಕೋಳಿಯ ಮಾತು. ನೀವು ದುರ್ಬಲರಾಗಿರುವುದು ತಪ್ಪಿನಿಂದ ಆಗಿದ್ದಲ್ಲ. ಈ ಲೋಕ ನಿಮ್ಮ ಲೆವೆಲ್ ನೋಡಿಕೊಂಡು ತನ್ನನ್ನು ಸರಿಹೊಂದಿಸಿಕೊಳ್ಳುವುದಿಲ್ಲ. ಕಾಡಿನಲ್ಲಿ ಇರುವ ಶ್ಯಾಡೋಬೀಸ್ಟ್ ಅನ್ನುವ ಮೃಗ ಮೊದಲ ದಿನವೂ ಅಲ್ಲೇ ಇರುತ್ತದೆ, ಮೊದಲ ದಿನವೇ ಹೋದರೆ ಒಂದೇ ಏಟಿಗೆ ಮುಗಿಸುತ್ತದೆ. ಆದರೆ ಒಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ: ಇಲ್ಲಿನ ಪ್ರಾಣಿಗಳು ಎರಗುವ ಮುಂಚೆ ಸಾಮಾನ್ಯವಾಗಿ ಹೆದರಿಸುತ್ತವೆ. ಸ್ಕ್ಯಾವೆಂಜರ್ ನಿಮ್ಮ ಕಡೆ ತಿರುಗಿ, ತಲೆ ಎತ್ತಿ ಕೂಗುತ್ತದೆ. ನಮ್ಮ ಬೀದಿ ನಾಯಿ ಗುರ್ ಅನ್ನುವ ಹಾಗೆ. ಆಗ ಮೆಲ್ಲಗೆ ಹಿಂದೆ ಸರಿದರೆ ಅದು ಬಿಟ್ಟುಬಿಡುತ್ತದೆ. ನಾವು ಬೇರೆ ಆಟಗಳ ಅಭ್ಯಾಸದಲ್ಲಿ ಕೂಗಿದ ಪ್ರಾಣಿಯ ಮೇಲೇ ನುಗ್ಗುತ್ತೇವೆ. ಸಾಯುತ್ತೇವೆ.

ಇನ್ನೊಂದು ಸೊಗಸು ಇದೆ. ನಿಮ್ಮ ನಾಯಕ ಈಗ ಒಂಟಿ ಕೈಯ ಕತ್ತಿಯನ್ನೂ ಎರಡೂ ಕೈಯಲ್ಲಿ, ಸೌದೆ ಒಡೆಯುವವನ ಹಾಗೆ ಹಿಡಿಯುತ್ತಾನೆ. ಅದು ಕೆಟ್ಟ ಅನಿಮೇಷನ್ ಅಂತ ನಾನೂ ನಕ್ಕಿದ್ದೆ. ಅಲ್ಲ. ಅವನಿಗೆ ಕತ್ತಿ ಹಿಡಿಯಲು ಬರುವುದಿಲ್ಲ, ಅದನ್ನೇ ತೋರಿಸಿದ್ದಾರೆ. ಒಂದು ಲೆವೆಲ್ ಏರಿದರೆ 10 ಕಲಿಕೆಯ ಅಂಕ ಸಿಗುತ್ತದೆ. ಆ ಅಂಕ ಇದ್ದರೆ ಸಾಲದು, ಕಲಿಸುವ ಗುರು ಬೇಕು, ಅವನ ಮನ ಒಲಿಸಬೇಕು. ಅಖಾಡದ ಹತ್ತಿರ ಇರುವ ಸ್ಕ್ಯಾಟಿಯಿಂದ ಕತ್ತಿ ವಿದ್ಯೆ ಕಲಿತು ಬಂದು ಮತ್ತೆ ಕತ್ತಿ ಹಿರಿಯಿರಿ. ನಿಲ್ಲುವ ರೀತಿ ಬದಲಾಗಿರುತ್ತದೆ, ಕತ್ತಿ ಒಂದೇ ಕೈಗೆ ಬಂದಿರುತ್ತದೆ, ಬೀಸುವ ವೇಗ ಬೇರೆ. ಪರದೆಯ ಮೇಲೆ ಸಂಖ್ಯೆ ಏರಿದ್ದಲ್ಲ, ಮೈ ಬದಲಾಗಿದ್ದು. ಅವತ್ತು ನೀವು ಅದೇ ಸ್ಕ್ಯಾವೆಂಜರ್ ಹತ್ತಿರ ಹೋಗಿ ನಾಲ್ಕು ಏಟಿಗೆ ಅದನ್ನು ಬೀಳಿಸಿದಾಗ ಸಿಗುವ ಖುಷಿಯನ್ನು ಈ ಮೂರು ಗಂಟೆಯ ಅವಮಾನದ ಮೇಲೆಯೇ ಕಟ್ಟಿದ್ದಾರೆ.

ಮ್ಯಾಪ್ ಇಲ್ಲ ಅನ್ನುವುದೂ ಹಾಗೆಯೇ. ಇದೆ, ಆದರೆ ಕೈಗೆ ತಂದು ಕೊಡುವುದಿಲ್ಲ. ಹಳೇ ಕ್ಯಾಂಪಿನಲ್ಲಿ ಗ್ರಹಾಮ್ ಅನ್ನುವ ನಕ್ಷೆ ಬರೆಯುವವನು ಇದ್ದಾನೆ, ಅವನ ಹತ್ತಿರ ಸಿಗುತ್ತದೆ. ಕಣಿವೆ ಚಿಕ್ಕದು. ಎರಡು ದಿನ ಓಡಾಡಿದರೆ ನಿಮಗೆ ನಕ್ಷೆಯೇ ಬೇಕಾಗುವುದಿಲ್ಲ. ಸೇತುವೆ ದಾಟಿ ಎಡಕ್ಕೆ, ಅಲ್ಲಿ ಕವಲೋರ್ನ್ ಗುಡಿಸಲು, ಅಲ್ಲಿಂದ ಮುಂದೆ ಅಂತ ಊರಿನ ದಾರಿ ಹೇಳಿದ ಹಾಗೆ ಹೇಳುತ್ತೀರಿ.

ಇಷ್ಟು ಹೇಳಿದ್ದಕ್ಕೆ ಎಲ್ಲವನ್ನೂ ಸಮರ್ಥಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಯೂರೋಜ್ಯಾಂಕ್ ಅಭಿಮಾನಿಗಳ ಕೆಟ್ಟ ಚಾಳಿ ಅದು. ಗೋಡೆ ಬಿದ್ದರೂ ಗಾಳಿ ಚೆನ್ನಾಗಿ ಬರುತ್ತೆ ಅನ್ನುತ್ತಾರೆ. ಕಂಟ್ರೋಲ್ ಕೀ ಹಿಡಿದುಕೊಂಡು ಮೇಲಿನ ಬಾಣ ಒತ್ತಿದರೆ ಮಾತ್ರ ವಸ್ತು ಕೈಗೆ ಬರುವುದು, ಮಾತಾಡಲೂ ಅದೇ, ಪೆಟ್ಟಿಗೆ ತೆರೆಯಲೂ ಅದೇ. ಇದರಲ್ಲಿ ಯಾವ ಆಳವಾದ ಉದ್ದೇಶವೂ ಇಲ್ಲ. ಬರೀ ಎಡವಟ್ಟು. ಅಂಗಡಿಯವನ ಜೊತೆ ವ್ಯಾಪಾರ ಮಾಡುವ ಪರದೆ ಅದಕ್ಕಿಂತ ಎಡವಟ್ಟು. ಮುಖಗಳು ಆ ಕಾಲಕ್ಕೂ ಚೆನ್ನಾಗಿರಲಿಲ್ಲ, ಅದೇ ನಾಲ್ಕಾರು ಮುಖ ಎಲ್ಲ ಕಡೆ ತಿರುಗುತ್ತವೆ. ಎರಡು ಮೂರು ಶತ್ರುಗಳು ಒಟ್ಟಿಗೆ ಬಂದರೆ ಕ್ಯಾಮೆರಾ ಎತ್ತ ನೋಡಬೇಕು ಅಂತ ಅದಕ್ಕೇ ಗೊತ್ತಾಗುವುದಿಲ್ಲ. ಇಂಗ್ಲಿಷ್ ಮಾತುಗಳಲ್ಲಿ ಕೆಲವು ಕಡೆ ದನಿ ಒಂದು ಭಾವ, ಸಾಲು ಇನ್ನೊಂದು ಭಾವ.

ಹೆಣ್ಣುಮಕ್ಕಳನ್ನು ತೋರಿಸಿರುವ ರೀತಿಗೆ ಮಾತ್ರ ನನ್ನ ಹತ್ತಿರ ಯಾವ ಸಮಾಧಾನವೂ ಇಲ್ಲ. ರಾಜ ಅದಿರಿಗೆ ಬದಲಾಗಿ ಕಳಿಸುವ ಸಾಮಾನಿನ ಪಟ್ಟಿಯಲ್ಲಿ ಅವರೂ ಇದ್ದಾರೆ. ಹಳೇ ಕ್ಯಾಂಪಿನ ದೊರೆ ಗೋಮೆಜ್‌ನ ಮನೆಯಲ್ಲಿ, ಜೌಗು ಕ್ಯಾಂಪಿನ ಗುರುವಿನ ಬಳಿ, ಒಟ್ಟು ಬೆರಳೆಣಿಕೆಯಷ್ಟು ಜನ, ಹೆಚ್ಚೂಕಮ್ಮಿ ಮಾತೇ ಇಲ್ಲದ ದಾಸಿಯರು. ಜೈಲಿನ ಕಥೆ, ಕ್ರೂರ ಲೋಕ ಅಂತ ನೆಪ ಹೇಳಬಹುದು. ಗಂಡಸರ ಕ್ರೌರ್ಯಕ್ಕೆ ಇಷ್ಟು ಬಗೆ ಯೋಚಿಸಿದವರು ಇವರಿಗೆ ಹತ್ತು ಸಾಲು ಬರೆಯಬಹುದಿತ್ತು.

ಇನ್ನೊಂದು ನಿಜ ಈಗಲೇ ಹೇಳಿಬಿಡುತ್ತೇನೆ. ಒಟ್ಟು ಆರು ಅಧ್ಯಾಯ. ಮೊದಲ ಅಧ್ಯಾಯವೇ ಎಲ್ಲಕ್ಕಿಂತ ತುಂಬಿಕೊಂಡಿದೆ. ಮೂರು ಕ್ಯಾಂಪುಗಳನ್ನು ನೋಡಿ, ಯಾರ ಜೊತೆ ಸೇರುವುದು ಅಂತ ಯೋಚಿಸಿ, ಪರೀಕ್ಷೆ ಪಾಸು ಮಾಡುವುದು ಅದರಲ್ಲೇ. ಮೂರು ದಾರಿಗಳೂ ಆಮೇಲೆ ಒಂದಾಗುತ್ತವೆ, ಕೊನೆಕೊನೆಗೆ ಮಾತುಕತೆ ಕಡಿಮೆಯಾಗಿ ಸುರಂಗದಲ್ಲಿ ಹೊಡೆದಾಟ ಜಾಸ್ತಿಯಾಗುತ್ತದೆ. ದುಡ್ಡು, ಟೈಮು ಎರಡೂ ಮುಗಿದಿದ್ದು ಕಣ್ಣಿಗೆ ಕಾಣುತ್ತದೆ. ಊಟ ಚೆನ್ನಾಗಿದೆ ಅಂದೆನಲ್ಲ, ಕೊನೆಯ ಪಂಕ್ತಿಗೆ ಪಾಯಸ ಸಾಲಲಿಲ್ಲ. ಹಾಗಾಗಿ ಮೊದಲ ಅಧ್ಯಾಯ ಪೂರ್ತಿ ಆಡಿಯೂ ನಿಮಗೆ ಹಿಡಿಸದಿದ್ದರೆ ಮುಂದೆ ಹಿಡಿಸುತ್ತದೆ ಅಂತ ಕಾಯಬೇಡಿ, ಬಿಟ್ಟುಬಿಡಿ. ಇದರಲ್ಲಿ ನಿಮ್ಮ ತಪ್ಪೇನಿಲ್ಲ.

ಒರಟುತನಕ್ಕೇ ಒಂದು ಚಂದ ಇದೆ ಅನ್ನುವ ಮಾತನ್ನು ನಾನು ಯಾಕೆ ಪೂರ್ತಿ ನಂಬುವುದಿಲ್ಲ ಅಂತ ಹೇಳುತ್ತೇನೆ ಅಂದಿದ್ದೆ. ಅದಕ್ಕೆ ಇದೇ ಮನೆತನದಲ್ಲಿ ಸಾಕ್ಷಿ ಇದೆ. 2002ರಲ್ಲಿ ಬಂದ ಗೋಥಿಕ್ 2 ಮೊದಲನೆಯದಕ್ಕಿಂತ ತುಂಬಿದ ಆಟ. 2006ರಲ್ಲಿ ಮೂರನೆಯದು ಬಂತು. ಲೋಕ ಬಹಳ ದೊಡ್ಡದಾಯಿತು, ಬಗ್‌ಗಳೂ ಅಷ್ಟೇ ದೊಡ್ಡದಾದವು. ಅದನ್ನು ಆಡುವ ಹಾಗೆ ಮಾಡಿದ್ದು ಅಭಿಮಾನಿಗಳು ವರ್ಷಗಟ್ಟಲೆ ಕೂತು ಮಾಡಿದ ಪ್ಯಾಚ್, ಅಂದರೆ ತಪ್ಪು ತಿದ್ದುವ ತೇಪೆ. ಆಮೇಲೆ ಸ್ಟುಡಿಯೋಗೂ ಪ್ರಕಾಶಕರಾದ ಜೋವುಡ್ ಕಂಪನಿಗೂ ದಾರಿ ಬೇರೆಯಾಯಿತು. ಮೂರನೆಯದರ ಮುಂದಿನ ಕಥೆ, 'ಫರ್ಸೇಕನ್ ಗಾಡ್ಸ್', 2008ರಲ್ಲಿ ಬಂತು. ಅದನ್ನು ಮಾಡಿದ್ದು ನಮ್ಮ ದೇಶದ ಸ್ಟುಡಿಯೋ, ಮುಂಬೈನ ಟ್ರೈನ್ ಗೇಮ್ಸ್. ಜರ್ಮನ್ ಫ್ಯಾಂಟಸಿ ಸರಣಿಯ ಒಂದು ಆಟ ಮುಂಬೈನಲ್ಲಿ ತಯಾರಾಯಿತು ಅಂತ ಕೇಳಿದಾಗ ನನಗೆ ಹೆಮ್ಮೆಯೇ ಆಗಿತ್ತು. ಆಡಿದ ಮೇಲೆ ಮಾತು ಹೊರಡಲಿಲ್ಲ. ವಿಮರ್ಶಕರೂ ಅದನ್ನು ಹರಿದು ಹಾಕಿದರು. ಅದೇ ನಾಯಕ, ಅದೇ ಲೋಕ, ಅದೇ ಒರಟುತನ. ಹೊಸ ಯೋಚನೆ ಮಾತ್ರ ಯಾವುದೂ ಇಲ್ಲ. ಜನ ಇದ್ದಾರೆ, ಅವರಿಗೆ ಬದುಕಿಲ್ಲ. ಒರಟುತನವೇ ರುಚಿಯಾಗಿದ್ದರೆ ಇದೂ ರುಚಿಸಬೇಕಿತ್ತು.

ತಿರುಗಾಮುರುಗಾ ಉದಾಹರಣೆಯೂ ಒಂದಿದೆ. ಮೊದಲ ಗೋಥಿಕ್ ಅನ್ನು ಹೊಸದಾಗಿ ಮಾಡಿದರೆ ಹೇಗಿರುತ್ತದೆ ಅಂತ 2019ರ ಡಿಸೆಂಬರ್‌ನಲ್ಲಿ ಒಂದು ಸಣ್ಣ ಮಾದರಿಯನ್ನು ಬಿಟ್ಟರು. ಅದು ಬಾರ್ಸಿಲೋನಾದಲ್ಲಿ ತಯಾರಾಗಿದ್ದು. ಗ್ರಾಫಿಕ್ಸ್ ಚೆನ್ನಾಗಿತ್ತು. ಹೊಸದಾಗಿ ಮಾಡುವುದಕ್ಕೆ ಜನ ಹೂಂ ಅಂದರು, ಜೊತೆಗೇ ಹಳೇ ಅಭಿಮಾನಿಗಳು ಗೊಣಗಿದರು. ನಾಯಕ ಸುಮ್ಮನಿರದೆ ತನ್ನಷ್ಟಕ್ಕೆ ವಟವಟ ಅನ್ನುತ್ತಾನೆ, ಜೈಲಿನ ಆ ಮಂಕು ಗಾಳಿ ಹೋಗಿ ಬಣ್ಣ ಜಾಸ್ತಿಯಾಗಿದೆ ಅಂತ. ಅಂದರೆ ಹೊಸ ಶಾಮಿಯಾನ ಹಾಕಿದ್ದು ಕಂಡಿತು, ಅಡುಗೆಯವನು ಬದಲಾದದ್ದೂ ಗೊತ್ತಾಯಿತು. ಮುಂದೆ ಅಲ್ಕಿಮಿಯಾ ಇಂಟರಾಕ್ಟಿವ್ ಅನ್ನುವ ಹೆಸರಿನಲ್ಲಿ ಅಲ್ಲಿನ ತಂಡ ಆ ದೂರುಗಳನ್ನು ಕೇಳಿಸಿಕೊಂಡು ಬಹಳಷ್ಟನ್ನು ಬದಲಿಸಿತು. ಮೂಲದ ಪಿರಾನ್ಹಾ ಬೈಟ್ಸ್ ಮಾತ್ರ 2024ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಇಬ್ಬರು ಕಟ್ಟಿದ ಹೊಸ ಸ್ಟುಡಿಯೋಗೆ ಇಟ್ಟ ಹೆಸರು ಪಿಟ್‌ಹೆಡ್, ಅಂದರೆ ಗಣಿಯ ಬಾಯಿ. ನೋಡಿ, ಮತ್ತೆ ಗಣಿ.

ಸರಿ, ನೀವು ಏನು ಮಾಡಬೇಕು? ನನ್ನ ಮಾತು ಕೇಳುವುದಾದರೆ ಇನ್ನೊಂದು ಆರು ಗಂಟೆ ಕೊಡಿ. ಆದರೆ ಹೀಗಲ್ಲ, ಸ್ವಲ್ಪ ರಿಪೇರಿ ಮಾಡಿಕೊಂಡು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡಿದ್ದರೆ ಅದರ ವರ್ಕ್‌ಶಾಪ್‌ನಲ್ಲಿ 'ಯೂನಿಯನ್' ಅನ್ನುವ ಅಭಿಮಾನಿಗಳ ಸಾಧನ ಸಿಗುತ್ತದೆ. ಅದನ್ನು ಹಾಕಿದರೆ ಈಗಿನ ಅಗಲ ಪರದೆಗೆ ಆಟ ಸರಿಯಾಗಿ ಕೂರುತ್ತದೆ, ಕ್ರ್ಯಾಶ್ ಆಗುವುದು ಕಡಿಮೆಯಾಗುತ್ತದೆ. ಡೈರೆಕ್ಟ್‌ಎಕ್ಸ್ 11 ರೆಂಡರರ್ ಅಂತ ಇನ್ನೊಂದು ಇದೆ, ದೂರದ ಬೆಟ್ಟ ಗುಡ್ಡ ಚೆನ್ನಾಗಿ ಕಾಣಬೇಕೆಂದರೆ ಅದು. ಮುಖ ಸುಂದರವಾಗುವುದಿಲ್ಲ, ಆಸೆ ಬೇಡ. ಬೇರೆ ಮಾಡ್‌ಗಳನ್ನು, ಅಂದರೆ ಅಭಿಮಾನಿಗಳು ಆಟವನ್ನು ಬದಲಿಸಲು ಮಾಡಿದ ಸೇರ್ಪಡೆಗಳನ್ನು, ಮೊದಲ ಸಲ ಹಾಕಬೇಡಿ.

ಕೀಬೋರ್ಡ್ ಮೇಲೆ ಸಿಟ್ಟು ಬಿಟ್ಟು ಅರ್ಧ ಗಂಟೆ ಅಭ್ಯಾಸ ಮಾಡಿ. ಇದು ಮೌಸಿನ ಆಟವಲ್ಲ. ಕಂಟ್ರೋಲ್ ಕೀ ಅಂದರೆ ನಾಯಕನ ಕೈ. ಅದನ್ನು ಹಿಡಿದುಕೊಂಡಿದ್ದರೆ ಮೇಲಿನ ಬಾಣ ಮುಂದಕ್ಕೆ ಹೊಡೆತ, ಎಡ ಬಲ ಬಾಣ ಆಯಾ ಕಡೆ ಬೀಸು, ಕೆಳಗಿನ ಬಾಣ ತಡೆ. ಹೀಗೆ ಯೋಚಿಸಿದರೆ ಬೆರಳಿಗೆ ಬೇಗ ಹತ್ತುತ್ತದೆ. ಪಟಪಟ ಒತ್ತಬೇಡಿ, ಒಂದು ಬೀಸು ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಒತ್ತಿ. ಲಯ ಸಿಕ್ಕರೆ ಹೊಡೆತ ಒಂದಕ್ಕೊಂದು ಸೇರಿಕೊಳ್ಳುತ್ತದೆ, ಗಾಬರಿಯಾಗಿ ಒತ್ತಿದರೆ ಕೈ ಕಟ್ಟುತ್ತದೆ. ಕೋಲಾಟ ಆಡಿ ಗೊತ್ತಿದ್ದರೆ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸದಾಗಿ ಶುರು ಮಾಡಿ, ಹಳೇ ಸೇವ್ ಬಿಡಿ. ಡಿಯೇಗೋ ಹೇಳುವುದನ್ನು ಪೂರ್ತಿ ಕೇಳಿ, ಸ್ಕಿಪ್ ಮಾಡಬೇಡಿ. ಆಯುಧ ಎಲ್ಲಿ ಹುಡುಕಬೇಕು ಅನ್ನುವುದೂ ಆ ಮಾತಿನಲ್ಲೇ ಇದೆ. ದಾರಿಯಲ್ಲಿ ಸಿಗುವ ಬೇಟೆಗಾರ ಡ್ರ್ಯಾಕ್ಸ್‌ಗೆ ಒಂದು ಬಿಯರ್ ಕೊಟ್ಟು ಮಾತಿಗೆ ಕೂರಿ, ಉಪಯೋಗಕ್ಕೆ ಬರುತ್ತದೆ. ಮೊದಲ ದಿನ ದಾರಿ ಬಿಟ್ಟು ಕಾಡಿಗೆ ಇಳಿಯಲೇಬೇಡಿ. ಕತ್ತಲಾದರೆ ಕ್ಯಾಂಪಿಗೆ ಬನ್ನಿ. ಊರೊಳಗಿನ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡೇ ಎರಡು ಲೆವೆಲ್ ಏರಬಹುದು. ಸ್ನ್ಯಾಫ್ ಅನ್ನುವ ಅಡುಗೆಯವನು ಮೀಟ್‌ಬಗ್ ಹುಳುಗಳನ್ನು ತರಲು ಹೇಳುತ್ತಾನೆ, ಸಾರು ಮಾಡಲಿಕ್ಕೆ. ತಂದುಕೊಡಿ. ತಿನ್ನುವುದು ನಿಮಗೆ ಬಿಟ್ಟಿದ್ದು. ಸಿಕ್ಕ ಮೊದಲ ಅಂಕಗಳನ್ನು ಅಲ್ಲಿ ಇಲ್ಲಿ ಚೆಲ್ಲದೆ ಶಕ್ತಿಗೂ ಒಂಟಿ ಕೈಯ ಕತ್ತಿಗೂ ಹಾಕಿ. ಮಡ್ ಅನ್ನುವವನೊಬ್ಬ ಬಾಲದ ಹಾಗೆ ಹಿಂದೆ ಬಿದ್ದು ತಲೆ ತಿನ್ನುತ್ತಾನೆ. ಅದು ಬಗ್ ಅಲ್ಲ, ಅವನು ಇರುವುದೇ ಹಾಗೆ. ಎಷ್ಟು ಹೊತ್ತು ತಾಳುತ್ತೀರಿ ಅನ್ನುವುದು ನಿಮ್ಮ ಪರೀಕ್ಷೆ.

ಇನ್ನು ಆ ಹಫ್ತಾ. ಕೇಳಿದವನ ಹೆಸರು ಬ್ಲಡ್‌ವಿನ್, ಕೇಳಿದ್ದು 10 ತುಂಡು ಅದಿರು, ಅಲ್ವಾ? ಕೊಟ್ಟರೆ ನಾಳೆಯೂ ಬರುತ್ತಾನೆ. ಕೊಡದಿದ್ದರೆ ತಾನು ಕೈ ಎತ್ತುವುದಿಲ್ಲ, ಹೆರೆಕ್ ಅನ್ನುವವನನ್ನು ನಿಮ್ಮ ಮೇಲೆ ಛೂ ಬಿಡುತ್ತಾನೆ. ನಾನು ಮೊದಲ ಸಲ ಕೊಟ್ಟೆ. ಎರಡನೇ ಸಲ ಆಡಿದಾಗ ಕೊಡಲಿಲ್ಲ, ಹೆರೆಕ್ ಕೈಯಲ್ಲಿ ಬಿದ್ದೆ, ಜೇಬು ಖಾಲಿಯಾಯಿತು. ಸೇವ್ ತೆರೆದು ಸರಿಮಾಡಿಕೊಳ್ಳಬಹುದಿತ್ತು, ಮಾಡಲಿಲ್ಲ. ಎದ್ದು, ಧೂಳು ಕೊಡವಿಕೊಂಡು, ಸ್ಕ್ಯಾಟಿಯ ಹತ್ತಿರ ಹೋಗಿ ಕತ್ತಿ ಕಲಿತೆ. ವಾರ ಬಿಟ್ಟು ಹೆರೆಕ್‌ನ ಗುಡಿಸಲಿನ ಮುಂದೆ ಹೋಗಿ ನಿಂತೆ. ನೀವೂ ಈ ಸಲ ಕೊಡಬೇಡಿ.